ಗೌಡರ ಹಾಲಿನಲ್ಲಿ ಮುಳುಗಿದೆ

ನಾನು ಒಂದು ಲ್ಯಾಕ್ಟೋಮೀಟರ್. ಬೆಂಕಿಯಲ್ಲಿ ಗಾಜು ಊದಿ ನನ್ನನ್ನು ಮಾಡಿದರು. ಹೊಟ್ಟೆಯಲ್ಲಿ ಸೀಸದ ಗುಂಡುಗಳು, ಉದ್ದ ಕುತ್ತಿಗೆಯ ಮೇಲೆ ಗೆರೆಗಳು. ಒಳ್ಳೆಯ ಹಾಲಿನಲ್ಲಿ ತಲೆಯೆತ್ತಿ ನಿಲ್ಲುತ್ತೇನೆ. ನೀರು ಬೆರೆತರೆ ಮುಳುಗುತ್ತೇನೆ. ಯಾರ ಮುಖ ನೋಡಿಯೂ ಇದನ್ನು ಬದಲಿಸಲಾರೆ.

ಪುರಸಭೆಯಲ್ಲಿ ನನ್ನ ಮೊದಲ ಒಡೆಯರಾದ ಆರೋಗ್ಯ ಇನ್‌ಸ್ಪೆಕ್ಟರು ನನ್ನನ್ನು ಪೆಟ್ಟಿಗೆಯಿಂದ ತೆಗೆದದ್ದೇ ಇಲ್ಲ. ಡೈರಿಯವರ ಚಹಾ ಕುಡಿದು "ಚಲೋ ಐತಿ" ಎಂದು ಎದ್ದು ಬರುತ್ತಿದ್ದರು. ಅವರ ಜಾಗಕ್ಕೆ ಹೇಮವ್ವ ಹಡಪದ ಬಂದರು. ನನ್ನನ್ನು ತೊಳೆದು, ಸೆರಗಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿದರು. ಅಂದೇ ನನಗೆ ಜೀವ ಬಂತು.

ಆ ಮಳೆಗಾಲದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ವಾಂತಿಭೇದಿ ಶುರುವಾಯಿತು. ಒಬ್ಬ ಹುಡುಗಿ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದಳು. ಹಾಸ್ಟೆಲ್‌ನಲ್ಲಿ ಹಾಲನ್ನು ಕುದಿಸದೆ, ಬರೀ ಬೆಚ್ಚಗೆ ಮಾಡಿ ಕೊಡುತ್ತಿದ್ದರು. ಹಾಲು ಬರುತ್ತಿದ್ದದ್ದು ಪುರಸಭೆ ಅಧ್ಯಕ್ಷರ ಅಳಿಯ ಶಂಕರಗೌಡರ ಡೈರಿಯಿಂದ. ಹೇಮವ್ವ ನನ್ನನ್ನು ಹಿಡಿದು ನೇರ ಅಲ್ಲಿಗೇ ನಡೆದರು. ಕ್ಯಾನಿಗೆ ಬಿಟ್ಟರು. ಕುತ್ತಿಗೆಯ ತುದಿಯವರೆಗೆ ಮುಳುಗಿದೆ.

"ನಿಮ್ಮ ಗಾಜಿನ ಕಡ್ಡಿ ಕೆಟ್ಟೈತ್ರಿ, ಮೇಡಮ್ಮಾರ," ಎಂದು ಗೌಡರು ಗಿರಾಕಿಗಳ ಮುಂದೆ ನಕ್ಕರು.

"ಹಂಗಾರ ನಿಮ್ಮ ಎಮ್ಮೀನ ಇಲ್ಲೇ ಎಲ್ಲಾರ ಮುಂದ ಹಿಂಡಸ್ರಿ. ಕಡ್ಡಿ ಕೆಟ್ಟಿದ್ರ ಆ ಹಾಲಿನ್ಯಾಗೂ ಮುಳಗತೈತಿ."

ಹಿಂಡಿದರು. ಹಾಲು ಆರಿದ ಮೇಲೆ ನನ್ನನ್ನು ಬಿಟ್ಟರು. ತಲೆಯೆತ್ತಿ ನಿಂತೆ. ಎಲ್ಲರೂ ನೋಡಲಿ ಎಂದೇ ನಿಂತೆ.

ಚೊಂಬು ಹಿಡಿದಿದ್ದ ಮುದುಕಿಯೊಬ್ಬಳು ಕೂಗಿದಳು: "ಗೌಡ್ರ, ನನ್ನ ಮೊಮ್ಮಗಗ ಇದನ್ನ ಕುಡಸ್ತಿದ್ನಲ್ರೀ!"

"ನೀರು ಎಲ್ಲೀದು?" ಹೇಮವ್ವ ಕೇಳಿದರು. ಉತ್ತರಕ್ಕೆ ಕಾಯಲಿಲ್ಲ. ಅವರೇ ಹಿತ್ತಿಲಿಗೆ ಹೋದರು. ಹರಿಯುವ ಚರಂಡಿಗೆ ಅಂಟಿಕೊಂಡೇ ಬಾವಿ ಇತ್ತು. ಕ್ಯಾನುಗಳ ಹಾಲನ್ನು ಚೆಲ್ಲಿಸಿದರು, ಬಾವಿಯನ್ನು ಮುಚ್ಚಿಸಿದರು.

ಗೌಡರು ನನ್ನನ್ನು ಕಸಿದು ಕಲ್ಲಿಗೆ ಅಪ್ಪಳಿಸಿದರು. ಕುತ್ತಿಗೆ ಮುರಿಯಿತು. "ಇನ್ನ ಹೆಂಗ ಅಳೀತಿ?"

"ಇಂಥಾವು ಬೇಕಾದಷ್ಟು ಸಿಗತಾವ್ರಿ. ನಾಳೆ ಮತ್ತ ಬರ್ತೀನಿ," ಎಂದು ಹೇಮವ್ವ ನನ್ನ ಚೂರುಗಳನ್ನು ಆರಿಸಿಕೊಂಡರು.

ಹೇಳಿದಂತೆ ಮರುದಿನ ಹೋದರು. ಆ ವಾರ ಹುಡುಗಿ ಗಂಜಿ ಕುಡಿದಳಂತೆ. ಈಗ ಹೊಸ ಲ್ಯಾಕ್ಟೋಮೀಟರ್ ಹೇಮವ್ವನ ಚೀಲದಲ್ಲಿ ಊರು ಸುತ್ತುತ್ತದೆ. ನಾನು ಅವರ ಮೇಜಿನ ಮೇಲೆ ಮಲಗಿದ್ದೇನೆ. ಮುರಿದಿದ್ದಕ್ಕೆ ನನಗೆ ದುಃಖವಿಲ್ಲ. ಬಗ್ಗಿ ಉಳಿಯುವುದು ಗಾಜಿಗೆ ಗೊತ್ತೂ ಇಲ್ಲ. ಹೇಮವ್ವನನ್ನು ವರ್ಗ ಮಾಡಿಸುತ್ತೇವೆಂದು ಹೆದರಿಸಲು ಬಂದವರು ನನ್ನನ್ನು ನೋಡಿ ಇದೇನೆಂದು ಕೇಳುತ್ತಾರೆ.

"ಗೌಡ್ರು ಮುರದದ್ದ್ರಿ. ಕುಂದರ್ರಿ, ಏನ್ ಹೇಳಾಕ ಬಂದಿದ್ರಿ?"

ಬಂದವರು ಬಹಳ ಹೊತ್ತು ಕೂರುವುದಿಲ್ಲ.