ಕಿಂಡಿಯಿಂದ ಬಂದದ್ದು

ನಾಯಿ ಇರಬೇಕಾದ್ದು ಮನೆಯ ಹೊರಗೆ. ಇವತ್ತಿಗೂ ನನ್ನ ಮಾತು ಅದೇ. ಕಾಲು ಒರೆಸಿಕೊಳ್ಳಲು ಬಾರದ ಪ್ರಾಣಿಗೆ ಒಳಗೇನು ಕೆಲಸ? ಆದರೆ ಈ ಮಾತು ಎತ್ತಿದಾಗೆಲ್ಲ ನನ್ನ ಹೆಂಡತಿ ಕೇಳುತ್ತಿದ್ದದ್ದು ಒಂದೇ: "ಹಾಗಾದ್ರೆ ಅಮ್ಮನ ಗತಿ?"

ಅವಳ ಅಮ್ಮ, ಅಂದರೆ ನನ್ನ ಅತ್ತೆ, ಕಣ್ಣು ಪೂರ್ತಿ ಹೋದಮೇಲೆ ನಮ್ಮ ಮನೆಗೆ ಬಂದವರು. ಬಂದವರೇ ಹಿಂದಿನ ಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಏಳಿ ಅಂದರೆ "ಎದ್ದು ನೋಡೋದೇನಿದೆ?" ಅನ್ನುವರು. ತಟ್ಟೆ ಮುಂದಿಟ್ಟರೆ ಒಂದೆರಡು ತುತ್ತು, ಅಷ್ಟೇ. ಹೀಗೇ ಆದರೆ ಬಹಳ ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಮುಲಾಜಿಲ್ಲದೆ ಹೇಳಿದ್ದರು. ಒಂದು ಮಧ್ಯಾಹ್ನ ಹೆಂಡತಿ ಹಿತ್ತಲಲ್ಲಿದ್ದ ನಮ್ಮ ನಾಯಿಯನ್ನು ಒಳಗೆ ಬಿಟ್ಟಳು. ಅದು ಹೋಗಿ ಮಂಚದ ಪಕ್ಕ ಮಲಗಿತು. ಅತ್ತೆ ಕೈ ಇಳಿಬಿಟ್ಟು ಅದರ ತಲೆ ಸವರಿದರು. ಅವತ್ತು ತಟ್ಟೆ ಖಾಲಿಯಾಯಿತು.

ನಾಯಿಯ ಹೆಸರು ದೊರೆ. ಉಂಡು ಬಿದ್ದುಕೊಳ್ಳುವುದು ಬಿಟ್ಟು ಬೇರೆ ಕಸುಬಿಲ್ಲದವನಿಗೆ ನಾನೇ ಇಟ್ಟ ಹೆಸರು. ನಾನು ಬಡಗಿ, ಮನೆಯ ಮುಂದಿನ ಕೋಣೆಯಲ್ಲೇ ನನ್ನ ಕೆಲಸ. ಪಾಲಿಶ್ ಹಚ್ಚಿ ಒಣಗಲು ಬಿಟ್ಟ ಹಲಗೆಯ ಮೇಲೆ ಒಂದು ಕೂದಲು ಕೂತರೂ ಮತ್ತೆ ಮೊದಲಿಂದ ಉಜ್ಜಬೇಕು. ಆ ಸಂಕಟ ಹೆಂಗಸರಿಗೆ ಎಲ್ಲಿ ಅರ್ಥವಾಗುತ್ತದೆ?

"ಅಮ್ಮ ಮುಖ್ಯಾನೋ, ನಿಮ್ಮ ಮೇಜು ಮುಖ್ಯಾನೋ?"

"ಮೇಜು ಮಾಡಿದ್ರೇನೇ ನಿಮ್ಮಮ್ಮನಿಗೆ ಊಟ, ತಿಳ್ಕೋ."

ಮೂರು ದಿನ ಮಾತು ಬಿಟ್ಟಳು. ಕೊನೆಗೆ ನಾನೇ ಸೋತೆ. ಅತ್ತೆಯ ಕೋಣೆಯಿಂದ ಹಿತ್ತಲಿಗೆ ಒಂದು ಬಾಗಿಲಿದೆ. ಅದರ ಬುಡದಲ್ಲಿ ದೊರೆಯ ಗಾತ್ರಕ್ಕೆ ಒಂದು ಕಿಂಡಿ ಕೊರೆದು, ಮೇಲೆ ಕೀಲು ಕೂರಿಸಿ ಪುಟ್ಟ ಹಲಗೆ ತೂಗುಬಿಟ್ಟೆ. ಊಟದ ಹೊತ್ತಿಗೆ ತೂರಿ ಬರಲಿ, ಉಂಡು ತೂರಿ ಹೋಗಲಿ, ನನ್ನ ಕಡೆ ಮಾತ್ರ ಬರಕೂಡದು ಎಂದು ಕರಾರಾಯಿತು.

ದೊರೆಯನ್ನು ಹೆಸರು ಹಿಡಿದು ಕರೆದರೆ ಕಿವಿಯನ್ನೂ ಅಲುಗಿಸುವುದಿಲ್ಲ. ಅವನ ತಟ್ಟೆಯನ್ನು ಚಮಚದಿಂದ ಬಡಿಯಬೇಕು, ಆಗ ಎಲ್ಲಿದ್ದರೂ ಓಡಿ ಬರುತ್ತಾನೆ. ಹೆಂಡತಿ ಮಧ್ಯಾಹ್ನ ಕಿಂಡಿಯ ಹತ್ತಿರ ಕೂತು ತಟ್ಟೆ ಬಡಿದು, ಮಂಚದ ಕೆಳಗೆ ಇಟ್ಟು, ಮತ್ತೆ ತನ್ನ ಹೊಲಿಗೆ ಅಂಗಡಿಗೆ ಓಡುತ್ತಿದ್ದಳು. ಸಂಜೆ ಬಂದು ನೋಡಿದರೆ ಎರಡು ತಟ್ಟೆಯೂ ಖಾಲಿ, ಅತ್ತೆಯದೂ ನಾಯಿಯದೂ. ಅವಳಿಗೆ ಅಷ್ಟು ಸಾಕಾಗಿತ್ತು.

ಅವಳಿಗೆ ಗೊತ್ತಿಲ್ಲದ್ದು ಒಂದಿತ್ತು. ಕಿಂಡಿ ಮಾಡಿದ ಮಾರನೆಯ ದಿನವೇ ನನ್ನ ಮೇಜಿನ ಪಾಲಿಶ್ ಮೇಲೆ ಕೂದಲು. ನನಗೆ ಮೈಯೆಲ್ಲ ಉರಿದುಹೋಯಿತು. ದೊರೆಯನ್ನು ಎಳೆದುಕೊಂಡು ಹೋಗಿ ಮುಂದಿನ ಜಗಲಿಯ ಕಂಬಕ್ಕೆ ಸರಪಳಿ ಹಾಕಿದೆ. ಅಂದಿನಿಂದ ದಿನವೂ ಬೆಳಗ್ಗೆ ಅವಳು ಅಂಗಡಿಗೆ ಹೋದಮೇಲೆ ಕಟ್ಟುವುದು, ಸಂಜೆ ಬರುವ ಮೊದಲು ಬಿಚ್ಚುವುದು. ಮಧ್ಯಾಹ್ನ ಅವಳು ಹಿತ್ತಲ ಗೇಟಿನಿಂದಲೇ ಬಂದು ಹೋಗುವುದರಿಂದ ಜಗಲಿಯತ್ತ ಬರುತ್ತಲೂ ಇರಲಿಲ್ಲ. ಹಿಂದೆ ತಟ್ಟೆಯ ಸದ್ದಾದರೆ ದೊರೆ ಸರಪಳಿ ಜಗ್ಗುವನು. "ಜಗ್ಗು, ಜಗ್ಗು" ಎಂದು ನಾನು ಉಜ್ಜುಗೊರಡಿನಿಂದ ಹಲಗೆ ಉಜ್ಜುತ್ತಿದ್ದೆ. ಅವಳ ಪಾಡಿಗೆ ಅವಳು ಕರೆಯುತ್ತಿದ್ದಳು, ನನ್ನ ಪಾಡಿಗೆ ನಾನು ಕಟ್ಟುತ್ತಿದ್ದೆ.

ಒಂದು ಮಧ್ಯಾಹ್ನ ಒಳಗಿನಿಂದ ಹೆಜ್ಜೆ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಅತ್ತೆ! ನಮ್ಮ ಮನೆಗೆ ಬಂದಮೇಲೆ ಮೊದಲ ಸಲ ತಾವಾಗಿ ಎದ್ದು ನಡೆದು ಬಂದಿದ್ದರು. ಎಡಗೈ ಗೋಡೆಯ ಮೇಲೆ. ಬಲಗೈ ಕೆಳಗೆ ಇಳಿಬಿಟ್ಟು, ಯಾವುದೋ ಕತ್ತನ್ನು ಹಿಡಿದಂತೆ ಬೆರಳು ಮಡಚಿಕೊಂಡಿದ್ದರು.

"ನಿಧಾನ ಕಣೋ, ನಿನ್ನಷ್ಟು ಕಾಲಿಲ್ಲ ನನಗೆ," ಎಂದು ನಕ್ಕರು. ಆಮೇಲೆ ನನ್ನ ಕಡೆಗೆ, "ಅಳಿಯಂದಿರೇ, ನಿಮ್ಮ ದೊರೆ ಬಲು ಜಾಣ. ಹೊಸ್ತಿಲು ಬಂದ್ರೆ ನಿಲ್ತಾನೆ."

ಅವರ ಕೈಯ ಕೆಳಗೆ ಏನೂ ಇರಲಿಲ್ಲ. ದೊರೆ ನನ್ನೆದುರು ಜಗಲಿಯಲ್ಲಿ ಮಲಗಿದ್ದ. ಎದ್ದವನೇ ಬಾಲ ಒಳಗೆ ಸೇರಿಸಿ, ಸರಪಳಿ ಎಷ್ಟು ಬರುತ್ತದೋ ಅಷ್ಟು ದೂರ ಸರಿದು, ಕಂಬದ ಹಿಂದೆ ಮುದುಡಿ ಕೂತ. ಬೊಗಳಲಿಲ್ಲ. ಬೊಗಳಿದ್ದರೆ ನನಗೂ ಧೈರ್ಯ ಬರುತ್ತಿತ್ತು.

ಸಂಜೆ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಕಟ್ಟಿ ಹಾಕಿದ್ದಕ್ಕೆ ಹಾರಾಡುತ್ತಾಳೆ ಅಂದುಕೊಂಡಿದ್ದೆ. ಅವಳು ನಾಯಿಯ ತಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು.

"ಹಾಗಾದ್ರೆ ನಾನು ಇಷ್ಟು ದಿನ ಕರೆದಿದ್ದು ಯಾರನ್ನ?"

"ನನ್ನನ್ನ ಕೇಳಿದ್ರೆ? ನಾಳೆ ಕಿಂಡಿಗೆ ಹಲಗೆ ಹೊಡೀತೀನಿ."

"ಹೊಡೀರಿ, ಕೈ ಮುರೀತೀನಿ," ಅಂದಳು, ದನಿ ಎತ್ತದೆ. "ಅಮ್ಮ ಉಣ್ತಿದಾಳೆ. ನಡೀತಿದಾಳೆ. ಬಾಯಿ ಮುಚ್ಕೊಂಡಿರಿ."

ಮುಚ್ಚಿಕೊಂಡಿದ್ದೆ. ಅತ್ತೆಯ ಕೆನ್ನೆ ತುಂಬಿಕೊಂಡಿತು. ಆದರೆ ಅವರ ಬಲಗೈಯನ್ನು ನಾನು ಗಮನಿಸುತ್ತಿದ್ದೆ. ಮೊದಲು ಮೊಣಕಾಲಿನ ಹತ್ತಿರ ಇದ್ದದ್ದು ಬರಬರುತ್ತ ಸೊಂಟದ ಮಟ್ಟಕ್ಕೆ ಬಂತು. ಆಮೇಲೆ ಎದೆ ಮಟ್ಟಕ್ಕೆ. ಕಾಣದ ಯಾವುದರ ಮೇಲೋ ಮೊಣಕೈ ಊರಿಕೊಂಡು ನಡೆದಾಡುತ್ತಿದ್ದರು. ಕೊನೆಗೊಂದು ದಿನ ನಾನು ಮೊಳೆ, ಸುತ್ತಿಗೆ ಹಿಡಿದು ಕೋಣೆಗೆ ಹೋದೆ.

"ಏನ್ ಮಾಡ್ತಿದೀರಿ?"

"ಕಿಂಡಿ ಮುಚ್ತೀನಿ ಅತ್ತೆ."

ಅವರು ಪಕಪಕ ನಕ್ಕರು. "ಅದರಲ್ಲಿ ಅವನೀಗ ಹಿಡಿಸ್ತಾನಾ? ಆಚೆ ಹೋಗೋದು ಬಿಟ್ಟು ಎಷ್ಟು ದಿನ ಆಯ್ತು. ನನ್ನ ಜೊತೇಲೇ ಮಲಗೋದು. ಕಾಲು ಎದೆ ಮೇಲೆ ಹಾಕಿದ್ರೆ ಉಸಿರೇ ಕಟ್ಟುತ್ತೆ. ಸರಿಯೋ ಅಂದ್ರೆ ಸರಿಯಲ್ಲ, ತುಂಟ."

ಬಗ್ಗಿ ಮಂಚದ ಕೆಳಗೆ ನೋಡಿದೆ. ನನ್ನ ಕೈಯಾರೆ ಮಾಡಿದ ಮಂಚ. ಗೋಡೆ ಕಡೆಯ ಹಲಗೆ ನೆಟ್ಟಗಿತ್ತು. ಹೊರಗಿನ ಹಲಗೆ ನಡುವೆ ಬಾಗಿ, ಉದ್ದಕ್ಕೂ ಬಿರುಕು ಬಿಟ್ಟಿತ್ತು. ಇಬ್ಬರು ಗಂಡಸರು ಹತ್ತಿ ಕುಣಿದರೂ ಬಗ್ಗದ ಮರ ಅದು.

ಬಿರುಕು ತೋರಿಸಿದಾಗ ಇದು ಹೆಂಡತಿಗೂ ನಾಟಿತು. ಅಮ್ಮನ ಎದೆಯ ಮೇಲೆ ನೀಲಿ ಕಲೆ ಬಿದ್ದದ್ದನ್ನು ಸ್ನಾನ ಮಾಡಿಸುವಾಗ ಅವಳೇ ನೋಡಿದ್ದಳಂತೆ, ನನಗೆ ಹೇಳಿರಲಿಲ್ಲ.

ಕಿಂಡಿಯಲ್ಲಿ ಬಂದದ್ದು ಈಗ ಕಿಂಡಿಯಲ್ಲಿ ಹೋಗಲಾರದು. ಅದಕ್ಕೇ ಮಾರನೆಯ ದಿನ ಬಿಸಿಲಲ್ಲಿ, ಬರೀ ತೆರೆದರೆ ಅಗಲ ಸಾಲದೇನೋ ಎಂದು, ಹಿಂಬಾಗಿಲನ್ನೇ ಕೀಲು ಸಮೇತ ಕಳಚಿ ಗೋಡೆಗೆ ಒರಗಿಸಿದೆ. ಹೆಂಡತಿ ಹಿತ್ತಲ ತುದಿಗೆ ಹೋಗಿ ನಿಂತು ತಟ್ಟೆ ಬಡಿದಳು. ಕೋಣೆಯೊಳಗೆ ಮಂಚ ಕಿರುಗುಟ್ಟಿತು. ನೆಲದ ಮೇಲೆ ಉಗುರಿನ ಸದ್ದು. ಅವಸರವಿಲ್ಲದೆ, ಒಂದಾದಮೇಲೊಂದು. ನನ್ನ ಪಕ್ಕದಿಂದ ಬೆಚ್ಚನೆಯ, ಒದ್ದೆ ಗೋಣಿಯಂಥ ವಾಸನೆ ಹಾದುಹೋಯಿತು. ಹಿತ್ತಲ ಹುಲ್ಲು ಒಂದೇ ಸಾಲಿನಲ್ಲಿ ಒರಗುತ್ತ ಒರಗುತ್ತ ಹೆಂಡತಿಯವರೆಗೂ ಹೋಯಿತು. ಅವಳು ತಟ್ಟೆಯನ್ನು ಬೇಲಿಯಾಚೆ ಎಸೆದು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಬೇಲಿ ಮುರಿದ ಸದ್ದು ಕೇಳಿಸಿತು, ಅಷ್ಟೇ.

ನಾನು ಓಡಿಹೋಗಿ ದೊರೆಯ ಸರಪಳಿ ಬಿಚ್ಚಿ, ಕೈಯಾರೆ ಒಳಗೆ ಕರೆತಂದು ಅತ್ತೆಯ ಕಾಲ ಬುಡದಲ್ಲಿ ಕೂರಿಸಿದೆ. ನಾನು, ಅದೂ ನಾಯಿಯನ್ನು, ಒಳಗೆ! ಅತ್ತೆ ಕೈ ಚಾಚಿ ಅವನ ತಲೆ, ಕಿವಿ, ಮೂತಿ ಎಲ್ಲ ಸವರಿದರು.

"ಇದು ಯಾರ ನಾಯಿ?"

"ನಿಮ್ಮ ದೊರೆನೇ ಅತ್ತೆ."

"ಕಣ್ಣಿಲ್ಲ ಅಂತ ಆಟ ಆಡಿಸ್ತೀರಾ? ನಮ್ಮವನಿಗೆ ಇಂಥ ಮುಖ ಎಲ್ಲಿತ್ತು? ಕರೀರಿ ಅವನನ್ನ."

ಕೈ ಒರೆಸಿಕೊಂಡು ಗೋಡೆ ಕಡೆ ತಿರುಗಿದರು. ಅವತ್ತು ಉಣ್ಣಲಿಲ್ಲ, ಮಾರನೆಯ ದಿನವೂ ಇಲ್ಲ. ಮೂರನೆಯ ದಿನ ನೀರನ್ನೂ ಬೇಡವೆಂದರು. ಹೆಂಡತಿ ಹಣೆ ಚಚ್ಚಿಕೊಂಡಳು, ನಾನು ಬೈದೆ, ಕೈಮುಗಿದೆ. ಗೋಡೆ ಗೋಡೆಯೇ. ಡಾಕ್ಟರು ಬಂದು ನಾಡಿ ಹಿಡಿದು ನೋಡಿ ಚೀಲ ಮುಚ್ಚಿದರು.

ಡಾಕ್ಟರು ಹೋದಮೇಲೆ ಹೆಂಡತಿ ಅಡುಗೆಮನೆಯಿಂದ ಬೇರೆ ತಟ್ಟೆ ತಂದಳು.

"ಬೇಡ," ಅಂದೆ.

"ಹಾಗಾದ್ರೆ ನೀವೇ ಉಣ್ಣಿಸಿ. ಉಣ್ಣಿಸಿ ನೋಡೋಣ."

ಅವಳು ಬಾಗಿಲಿಲ್ಲದ ಚೌಕಟ್ಟಿನಲ್ಲಿ ನಿಂತು ಮುರಿದ ಬೇಲಿಯ ಕಡೆಗೆ ತಟ್ಟೆ ಬಡಿಯತೊಡಗಿದಳು. ದೊರೆ ನನ್ನ ಕಾಲ ಸಂದಿಗೆ ನುಗ್ಗಿ ನಡುಗಿದ. ಸ್ವಲ್ಪ ಹೊತ್ತಿಗೆ ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಬಿಸಿಲು ಅಷ್ಟಿದ್ದರೂ ಕೋಣೆ ಮಂಕಾಯಿತು, ಚೌಕಟ್ಟಿನ ಎರಡೂ ಕಡೆಯ ಮರ ಉಜ್ಜಿದಂತೆ ನರಳಿತು.

ಅತ್ತೆಯ ಮುಖ ಅರಳಿತು. ಗೋಡೆ ಕಡೆಗೆ ಇನ್ನಷ್ಟು ಸರಿದು, ಹಾಸಿಗೆಯಲ್ಲಿ ಜಾಗ ಮಾಡಿಕೊಟ್ಟರು.