ಮಣ್ಣಿನ ಮೇಲಿನ ಗೆರೆ

ಸಾಫ್ಟ್‌ಬಾಲ್‌ನಲ್ಲಿ ಚೆಂಡು ಎಸೆಯುವವಳ ಹಿಂದಿನ ಕಾಲು ನೆಲ ಬಿಡಬಾರದು. ಅದನ್ನು ಎಳೆದುಕೊಂಡೇ ಬರಬೇಕು, ಮಣ್ಣಲ್ಲಿ ಗೆರೆ ಬೀಳಬೇಕು. ಈ ಟೂರ್ನಿಯಲ್ಲಿ ಎಸೆಯುತ್ತಿದ್ದ ಹುಡುಗಿಯೊಬ್ಬಳು ಪ್ರತಿ ಸಲವೂ ಕುಪ್ಪಳಿಸುತ್ತಿದ್ದಳು. ಉಳಿದ ಅಂಪೈರ್‌ಗಳದೆಲ್ಲ ಜಾಣ ಕುರುಡು. ನನಗೆ ತಡೆಯಲಾಗಲಿಲ್ಲ. ಫೈನಲ್‌ನಲ್ಲೇ ಕೈ ಎತ್ತಿ, ಎಸೆತ ಅಕ್ರಮ ಅಂದೆ.

ಕೋಚ್ ಓಡಿ ಬಂದ. ಅವಳ ಅಪ್ಪನೂ ಅವನೇ. "ಕಣ್ಣು ಕಾಣಲ್ವೇನ್ರೀ ಮೇಡಂ?" ಅಂತ ಕೂಗಾಡುತ್ತಲೇ ತನ್ನ ಬೂಟಿನ ತುದಿಯಿಂದ ಮಣ್ಣಲ್ಲಿ ಉದ್ದಕ್ಕೆ ಗೀಚಿದ. ನನ್ನ ಕಣ್ಣೆದುರೇ! ಅಷ್ಟರಲ್ಲಿ ಮುಖ್ಯ ಅಂಪೈರ್ ಬಂದು ಬಗ್ಗಿ ನೋಡಿದರು.

"ಗೆರೆ ಇದೆಯಲ್ಲಮ್ಮ, ಸುಮ್ನೆ ಯಾಕೆ ರಗಳೆ?" ಎಂದು ನನ್ನ ತೀರ್ಪನ್ನು ರದ್ದು ಮಾಡಿದರು.

ಕೋಚ್ ಮೀಸೆ ತಿರುವಿದ. ಮಗಳು ತಲೆ ಬಗ್ಗಿಸಿ, ಮಣ್ಣೇ ಸೋಕದ ತನ್ನ ಬಿಳಿ ಶೂ ತುದಿಯನ್ನು ಅಪ್ಪನ ಗೆರೆಯಲ್ಲಿ ಮೆಲ್ಲಗೆ ಉಜ್ಜಿಕೊಂಡಳು.