ಕೇಳಿದ ಖಾಲಿ, ಕೇಳದ ಖಾಲಿ

ಕೂತಲ್ಲಿ ಕೂರಲಾರದವನನ್ನು ಜನ ಪಾದರಸ ಎಂದು ಕರೆದರೆ ತಪ್ಪೇನಿಲ್ಲ. ಆ ಬೆಳಿಗ್ಗೆಯಂತೂ ಅವನು ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತದ್ದಕ್ಕಿಂತ ಅದರ ಸುತ್ತ ತಿರುಗಿದ್ದೇ ಹೆಚ್ಚು. ರೋಗಿಗಳ ಮಾಹಿತಿಯನ್ನೆಲ್ಲ ಹಳೆಯ ಡೇಟಾಬೇಸಿನಿಂದ ಹೊಸದಕ್ಕೆ ಸಾಗಿಸಿ ಮುಗಿದಿತ್ತು. ಅಲ್ಲಿದ್ದಷ್ಟು ಸಾಲುಗಳು ಇಲ್ಲೂ ಇದ್ದವು, ಎಲ್ಲ ತಾಳೆಯಾಗಿತ್ತು. ಹೊರಗೆ ನರ್ಸುಗಳು ಆಗಲೇ ಹೊಸ ಸ್ಕ್ರೀನಿನಲ್ಲಿ ಕೆಲಸ ಶುರು ಮಾಡಿದ್ದರು. ಇನ್ನು ಆಡಳಿತಾಧಿಕಾರಿ ಬಂದು ಒಪ್ಪಿಗೆಯ ಸಹಿ ಹಾಕಿದರೆ, ಹಳೆಯ ಯಂತ್ರವನ್ನು ಅಳಿಸಿ ಮೂಲೆಗೆ ತಳ್ಳುವುದೊಂದೇ ಬಾಕಿ. ಆದರೂ ಎಲ್ಲ ಇಷ್ಟು ಸಲೀಸಾಗಿ ಮುಗಿದದ್ದೇ ಪಾದರಸನಿಗೆ ಸರಿಬರಲಿಲ್ಲ.

ಆ ಸಹಿಗೆ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದವನು ಅವನ ಭಾವ. ಈ ಕೆಲಸದ ಗುತ್ತಿಗೆ ಭಾವನದು. ಶಾಲೆ ಅರ್ಧಕ್ಕೆ ಬಿಟ್ಟು ಬೀದಿ ಅಳೆಯುತ್ತಿದ್ದ ಪಾದರಸನನ್ನು ಎಳೆತಂದು ಕೀಬೋರ್ಡಿನ ಮುಂದೆ ಕೂರಿಸಿದವನೂ ಅವನೇ. ಆ ಉಪಕಾರವನ್ನು ದಿನಕ್ಕೊಂದು ಸಲ ನೆನಪಿಸದಿದ್ದರೆ ಭಾವನಿಗೆ ತಿಂದದ್ದು ಅರಗುತ್ತಿರಲಿಲ್ಲ.

"ಯಾಕೋ ಗಾಣದ ಎತ್ತಿನ ಥರ ಸುತ್ತುತ್ತಿದ್ದೀಯ? ಕೂತ್ಕೋ. ತಲೆ ತಿರುಗುತ್ತೆ."

"ಸುತ್ತೋದು ನಾನು, ತಲೆ ತಿರುಗೋದು ನಿಮಗಾ ಭಾವ?"

"ಬಾಯಿಗೇನೂ ಕಮ್ಮಿ ಇಲ್ಲ. ನಿಮ್ಮಕ್ಕನ ಮುಖ ನೋಡಿ ಸುಮ್ನಿದ್ದೀನಿ."

ಅಷ್ಟರಲ್ಲಿ ಇಂಜೆಕ್ಷನ್ ಕೋಣೆಯ ದೊಡ್ಡ ಸಿಸ್ಟರ್ ಬಾಗಿಲಿಗೆ ಬಂದು ನಿಂತರು.

"ಏನಪ್ಪಾ, ನಿಮ್ಮ ಹೊಸ ಸ್ಕ್ರೀನಲ್ಲಿ ಕೆಂಪು ಎಲ್ಲಿ ಹೋಯ್ತು? ಬೆಳಿಗ್ಗೆಯಿಂದ ಒಂದೂ ಕಾಣ್ಲಿಲ್ಲ."

"ಯಾವ ಕೆಂಪು ಸಿಸ್ಟರ್?" ಎಂದ ಪಾದರಸ.

"ಅಲರ್ಜಿ ಬರೆಯೋ ಜಾಗ. ಯಾವ ಔಷಧಿ ಆಗಲ್ಲ ಅಂತ ರೋಗೀನ ಇನ್ನೂ ಕೇಳಿಲ್ಲ ಅಂದ್ರೆ ಅದು ಕೆಂಪಾಗೇ ಇರ್ತಿತ್ತು. ಕೇಳಿದ್ವಿ, ಏನೂ ಇಲ್ಲ ಅಂದ್ರು, ಆಗ ಸ್ಪೇಸ್ ಬಾರ್ ಒಂದ್ಸಲ ಒತ್ತಿಬಿಡ್ತಿದ್ವಿ. ಕೆಂಪು ಹೋಗ್ತಿತ್ತು."

"ಇಲ್ಲ ಅಂತ ಟೈಪ್ ಮಾಡ್ಬೋದಿತ್ತಲ್ಲ?"

"ಒಂದು ಕೈಲಿ ಸಿರಿಂಜು, ಇನ್ನೊಂದು ಕೈಲಿ ಒದ್ದಾಡೋ ರೋಗಿ. ಮೂರನೇ ಕೈ ನೀನು ಕೊಡ್ತೀಯಾ?"

ಭಾವ ನಡುವೆ ಬಾಯಿ ಹಾಕಿದ. "ಹೊಸದ್ರಲ್ಲಿ ಕೆಂಪು ಬೇಕಾಗಿಲ್ಲ ಸಿಸ್ಟರ್. ಎಲ್ಲಾ ಸರಿಯಾಗಿದೆ. ನೀವು ಹೋಗಿ ಬನ್ನಿ."

ಸಿಸ್ಟರ್ ಅರೆಮನಸ್ಸಿನಿಂದ ಹೋದರು. ಪಾದರಸ ಕುರ್ಚಿಯಲ್ಲಿ ಕೂತ. ಸಾಗಿಸುವ ಮುನ್ನ ಮಾಹಿತಿಯನ್ನು ಚೊಕ್ಕ ಮಾಡಿದವನು ಅವನೇ. ಪದಗಳ ಹಿಂದೆ ಮುಂದೆ ಅಂಟಿಕೊಂಡಿದ್ದ ಸ್ಪೇಸುಗಳನ್ನೆಲ್ಲ ಕಸವೆಂದು ಗುಡಿಸಿ ಹಾಕಿ, ಮಹಾ ಕೆಲಸ ಮಾಡಿದೆನೆಂದು ಎದೆಯುಬ್ಬಿಸಿಯೂ ಇದ್ದ. ಕೇಳಿಯಾಯಿತು ಎಂಬ ಗುರುತಿಗೆ ನರ್ಸುಗಳು ಒತ್ತಿದ್ದ ಆ ಒಂದೊಂದು ಸ್ಪೇಸೂ ಪೊರಕೆಗೆ ಸಿಕ್ಕಿತ್ತು. ಕೇಳಿದವರ ಖಾಲಿ, ಕೇಳದವರ ಖಾಲಿ ಎರಡೂ ಈಗ ಒಂದೇ ಗೋಣಿಗೆ ಬಿದ್ದಿದ್ದವು. ಸಾಲದ್ದಕ್ಕೆ ಹೊಸ ಸ್ಕ್ರೀನು ಖಾಲಿ ಕಂಡಲ್ಲೆಲ್ಲ 'ಅಲರ್ಜಿ ಇಲ್ಲ' ಎಂದು ಹಸಿರಕ್ಷರದಲ್ಲಿ ತೋರಿಸುತ್ತಿತ್ತು. ಕಣ್ಣಿಗೆ ತಂಪಾಗಿರಲಿ ಎಂದು ಅದನ್ನು ಹಾಕಿಸಿದವನು ಭಾವ.

"ಭಾವ, ಕೇಳದೇ ಇರೋರಿಗೂ ಅಲರ್ಜಿ ಇಲ್ಲ ಅಂತ ತೋರಿಸ್ತಿದೆ. ನಿಲ್ಲಿಸ್ಬೇಕು."

"ಸಹಿ ಆಗ್ಲಿ. ಆಮೇಲೆ ಸದ್ದಿಲ್ಲದೆ ಸರಿ ಮಾಡೋಣ."

"ಅಷ್ಟರಲ್ಲಿ ಆಗದಿರೋ ಔಷಧಿ ಯಾರಿಗಾದ್ರೂ ಚುಚ್ಚಿಬಿಟ್ರೆ?"

"ಇಷ್ಟು ವರ್ಷ ಎಷ್ಟು ಜನಕ್ಕೆ ಹಾಗಾಗಿದೆ ಹೇಳು."

"ಇಷ್ಟು ವರ್ಷ ಕೆಂಪಿತ್ತು ಭಾವ!"

ಭಾವ ಬಾಗಿಲಿಗೆ ಅಡ್ಡ ನಿಂತ. "ಇಲ್ಲಿ ಮುಖಭಂಗ ಆದ್ರೆ ಇನ್ನೊಂದು ಆಸ್ಪತ್ರೆ ನಮ್ಮನ್ನ ಒಳಗೆ ಬಿಡಲ್ಲ. ನಿಮ್ಮಕ್ಕನಿಗೆ ಏನಂತ ಹೇಳ್ಲಿ?"

"ಅಕ್ಕನ್ನ ಇದಕ್ಕೆ ಎಳೀಬೇಡಿ. ಅವಳು ಇಲ್ಲಿದ್ದಿದ್ರೆ ಮೊದಲ ಸೂಜಿ ನಿಮಗೇ ಬೀಳ್ತಿತ್ತು."

ಭಾವನ ತೋಳಿನಡಿ ನುಸುಳಿ ಪಾದರಸ ಓಡಿದ. ಉದ್ದನೆಯ ಓಣಿಯಲ್ಲಿ ಫಿನಾಯಿಲ್ ನೀರು ಇನ್ನೂ ಆರಿರಲಿಲ್ಲ. ಜಾರಿದ, ಬೆಂಚಿನಲ್ಲಿ ಕೂತಿದ್ದ ಯಾರದೋ ಮೊಣಕಾಲು ಹಿಡಿದು ಎದ್ದ, ಬೈಗುಳ ತಿಂದು ಮತ್ತೆ ಓಡಿದ. ಇಂಜೆಕ್ಷನ್ ಕೋಣೆಯಲ್ಲಿ ಬಸ್ ಡ್ರೈವರೊಬ್ಬ ಖಾಕಿ ತೋಳು ಮಡಚಿ, ಮುಖ ಆಚೆ ತಿರುಗಿಸಿ ಕೂತಿದ್ದ. ಸಿಸ್ಟರ್ ಕೈಯಲ್ಲಿ ಸಿರಿಂಜು ಸಿದ್ಧವಾಗಿತ್ತು.

"ಸಿಸ್ಟರ್, ಚುಚ್ಚಬೇಡಿ! ನೀವು ಒತ್ತಿದ ಸ್ಪೇಸನ್ನ ಕಸ ಅಂತ ನಾನೇ ಗುಡಿಸಿಬಿಟ್ಟಿದ್ದೀನಿ. ಸ್ಕ್ರೀನ್ ಸುಳ್ಳು ಹೇಳ್ತಿದೆ. ಎಲ್ಲರನ್ನೂ ಬಾಯಲ್ಲೇ ಕೇಳಿ."

ಸಿಸ್ಟರ್ ಅವನನ್ನು ಸುಡುವಂತೆ ನೋಡಿ, ಸಿರಿಂಜನ್ನು ಟ್ರೇಗೆ ಇಟ್ಟು, ಡ್ರೈವರನ ಕಡೆ ತಿರುಗಿದರು. "ನಿಮಗೆ ಯಾವುದಾದ್ರೂ ಔಷಧಿ ಆಗಲ್ವಾ?"

"ನನಗೆ ಸೂಜಿನೇ ಆಗಲ್ಲಮ್ಮ. ಇವನು ದೇವರ ಥರ ಬಂದ. ನಾನಿನ್ನು ಬರ್ಲಾ?"

ಬೆಳಿಗ್ಗೆಯಿಂದ ಸೂಜಿ ಹಾಕಿಸಿಕೊಂಡವರನ್ನೆಲ್ಲ ಹುಡುಕಿಸಲು ಸಿಸ್ಟರ್ ಆಯಾಗಳನ್ನು ಓಡಿಸಿದರು. ಪಾದರಸನೂ ಹೋದ. ಔಷಧಿ ಕಿಟಕಿಯ ಸಾಲಿನಲ್ಲಿ, ಗೇಟಿನ ಹತ್ತಿರ, ಆಟೋದಲ್ಲಿ ಒಂದು ಕಾಲಿಟ್ಟವರನ್ನೂ ತಡೆದು, ತುರಿಕೆಯೇ, ಉಸಿರು ಕಟ್ಟುತ್ತಿದೆಯೇ ಎಂದು ಕೇಳಿದ. ಮುದುಕಿಯೊಬ್ಬಳು ಅವನ ಕೆನ್ನೆ ಸವರಿ, "ನಿನಗೇ ಉಸಿರು ಕಟ್ಟಿದೆಯಲ್ಲೋ ಮಗನೇ," ಎಂದಳು. ಕೊನೆಯವನವರೆಗೂ ಯಾರಿಗೂ ಏನೂ ಆಗಿರಲಿಲ್ಲ.

ಅಷ್ಟರೊಳಗೆ ಸುದ್ದಿ ಆಡಳಿತಾಧಿಕಾರಿಯ ಕಿವಿಗೆ ಬಿದ್ದಿತ್ತು. "ಇದು ಸರಿಹೋಗೋ ತನಕ ನನ್ನ ಮುಂದೆ ಕಾಗದ ಹಿಡೀಬೇಡಿ," ಎಂದು ಭಾವನಿಗೆ ಹೇಳಿ, ಸಹಿ ಹಾಕಲು ಬಂದಿದ್ದವರು ಬಂದ ದಾರಿ ಹಿಡಿದರು.

ಕಂಪ್ಯೂಟರ್ ಕೋಣೆಯ ಬಾಗಿಲನ್ನು ಭಾವ ದಢಾರನೆ ಹಾಕಿದ.

"ತಣ್ಣಗಾಯ್ತಾ ಹೊಟ್ಟೆ? ಯಾರಿಗಾದ್ರೂ ಏನಾದ್ರೂ ಆಗಿತ್ತಾ?"

"ಆಗಿಲ್ಲ ಅಂತ ಹೋಗಿ ಕೇಳಿದ್ಮೇಲೆ ತಾನೇ ಗೊತ್ತಾಗಿದ್ದು?"

"ನಾಳೆಯಿಂದ ನನ್ನ ಕಣ್ಣಿಗೆ ಬೀಳ್ಬೇಡ."

ಪಾದರಸ ಆಗಲೇ ಹೊಸ ಡೇಟಾಬೇಸಿನಲ್ಲಿ 'ಕೇಳಿಯಾಗಿದೆಯೇ' ಎಂಬ ಇನ್ನೊಂದು ಕಾಲಂ ಸೇರಿಸುತ್ತಿದ್ದ. ಯಾರನ್ನು ಕೇಳಿಯಾಗಿತ್ತು, ಯಾರನ್ನು ಇಲ್ಲ ಎನ್ನುವುದು ಹಳೆಯ ಯಂತ್ರದಲ್ಲಿ ಇನ್ನೂ ಹಾಗೆಯೇ ಇತ್ತು. ಆದರೆ ಅಳಿಸುವ ಮುನ್ನ ಯಾರೂ ಮುಟ್ಟದಿರಲೆಂದು ಭಾವ ಅದರ ಪಾಸ್‌ವರ್ಡ್ ಬದಲಿಸಿಟ್ಟಿದ್ದ. ಓಣಿಯಲ್ಲಿ ಸಿಸ್ಟರ್ ಒಬ್ಬೊಬ್ಬರನ್ನೇ ಗಂಟಲು ಹರಿಯುವಂತೆ ಕೇಳುತ್ತಿದ್ದದ್ದು ಗೋಡೆ ದಾಟಿ ಬರುತ್ತಿತ್ತು.

"ಬೀಳಲ್ಲ ಬಿಡಿ," ಎಂದ ಪಾದರಸ, ತಲೆಯೆತ್ತದೆ. "ಈಗ ಪಾಸ್‌ವರ್ಡ್ ಹೇಳಿ."

ಭಾವ ಸಿಸ್ಟರ್ ದನಿ ಬರುತ್ತಿದ್ದ ಗೋಡೆಯ ಕಡೆ ನೋಡಿದ. ಪಾದರಸನ ಕಾಲು ಮೇಜಿನಡಿ ಟಕಟಕ ಕುಣಿಯುತ್ತಿತ್ತು, ಬೆರಳುಗಳು ಕೀಬೋರ್ಡಿನ ಮೇಲೆ ಕಾಯುತ್ತಿದ್ದವು. ಕೊನೆಗೆ ಭಾವ ಹಲ್ಲು ಕಚ್ಚಿಕೊಂಡೇ ಒಂದೊಂದು ಅಕ್ಷರವಾಗಿ ಹೇಳತೊಡಗಿದ.